ಲೂಪ್ ಬೆಂಡ್‌ನ ಹೊಸ ಕಂಪನಿಗಳು

ನಮ್ಮೂರಲ್ಲಿ ಅಂಗಡಿ ಮುಚ್ಚುವುದು ಸುದ್ದಿಯಲ್ಲ. ದಿನಸಿ ಅಂಗಡಿ ಮುಚ್ಚಿತು, ಟ್ರ್ಯಾಕ್ಟರ್ ಮಾರುವವನು ಬಾಗಿಲು ಹಾಕಿದ, ಔಷಧಿ ಅಂಗಡಿಯವನು ಊರೇ ಬಿಟ್ಟ. ಎಲ್ಲವನ್ನೂ ನಾನೇ ಪತ್ರಿಕೆಯಲ್ಲಿ ಹಾಕಿದ್ದೇನೆ, ಕಣ್ಣೀರು ಹಾಕದೆ. ಹಾಗಾಗಿ ಆ ಜನವರಿಯಲ್ಲಿ ಹೊಸ ಕಂಪನಿಯೊಂದು ಹುಟ್ಟಿದೆ ಎಂಬ ನೋಟೀಸು ಮೇಜಿಗೆ ಬಂದಾಗ ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದೆ.

ನಾನು ಅರ್ಡಿತ್ ಪೋಕೋರ್ನಿ. ನೆಬ್ರಾಸ್ಕಾದ ಲೂಪ್ ಬೆಂಡ್ ಎಂಬ ಊರಿನ ವಾರಪತ್ರಿಕೆ 'ದೂತ'ಕ್ಕೆ ನಾನೇ ಸಂಪಾದಕಿ, ನಾನೇ ವರದಿಗಾರ್ತಿ, ಗುರುವಾರ ಬೆಳಗ್ಗೆ ಕಟ್ಟುಗಳನ್ನು ಹೊತ್ತು ಅಂಚೆ ಕಚೇರಿಗೆ ಒಯ್ಯುವವಳೂ ನಾನೇ. ಅಪ್ಪ ಕಟ್ಟಿದ ಪತ್ರಿಕೆ. ಆ ಚಳಿಗಾಲದಲ್ಲಿ ಅದನ್ನು ಮುಚ್ಚಿಬಿಡುವುದೆಂದು ನಿರ್ಧರಿಸಿದ್ದೆ. ಯಾರಿಗೂ ಹೇಳಿರಲಿಲ್ಲ. ಜಾಹೀರಾತು ಕೊಡಲು ಅಂಗಡಿಗಳಿರಲಿಲ್ಲ, ನನಗೂ ಸಾಕಾಗಿತ್ತು. ಬೇಸಿಗೆಯ ಹೊತ್ತಿಗೆ ಸದ್ದಿಲ್ಲದೆ ನಿಲ್ಲಿಸಿ, ಬೆಳಗ್ಗೆ ಬಿಸಿಲೇರುವ ತನಕ ಮಲಗಬೇಕು ಎಂದುಕೊಂಡಿದ್ದೆ.

ಇನ್ನು ಈ ನೋಟೀಸಿನ ವಿಷಯ. ವ್ಯಾಪಾರ ಮುಳುಗಿದರೂ ಮಾಲೀಕನ ಮನೆ, ಹೊಲ ಮುಳುಗಬಾರದು ಎಂದು ಜನ ತಮ್ಮ ವ್ಯಾಪಾರವನ್ನು ಸೀಮಿತ ಹೊಣೆಯ ಕಂಪನಿ ಮಾಡಿಕೊಳ್ಳುತ್ತಾರೆ. ಎಲ್ಎಲ್‌ಸಿ ಎಂದು ಕರೆಯುತ್ತಾರೆ. ಬೇರೆ ಬಹಳಷ್ಟು ರಾಜ್ಯಗಳಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿ ಶುಲ್ಕ ಕಟ್ಟಿದರೆ ಮುಗಿಯಿತು. ನಮ್ಮಲ್ಲಿ ಹಾಗಲ್ಲ. ಕಂಪನಿ ಇರುವ ಕಡೆಯ ಪತ್ರಿಕೆಯಲ್ಲಿ ಒಂದರ ಹಿಂದೆ ಒಂದರಂತೆ ಮೂರು ವಾರ ನೋಟೀಸು ಬರಬೇಕು. ಬಂದಿದೆ ಎಂದು ನಾನು ಪ್ರಮಾಣ ಮಾಡಿ ಬರೆದುಕೊಟ್ಟ ಕಾಗದ ರಾಜಧಾನಿ ಲಿಂಕನ್‌ಗೆ ಹೋಗಬೇಕು. ನಮ್ಮ ಜನ ಪತ್ರಿಕೆಯಲ್ಲಿ ಮೊದಲು ಓದುವುದೇ ಈ ಪುಟವನ್ನು. ಯಾರ ಮೇಲೆ ಕೇಸು, ಯಾರ ಜಮೀನು ಹರಾಜು ಎಂದು ನೋಡಿ, ಆಮೇಲೆ ನಿಧನವಾರ್ತೆ ಓದಿ, ಇನ್ನೂ ಕಾಫಿ ಉಳಿದಿದ್ದರೆ ನನ್ನ ಸಂಪಾದಕೀಯಕ್ಕೆ ಬರುತ್ತಾರೆ.

ಮೊದಲನೆಯದು 'ಗಸಗಸೆ ಹೂರಣ ಎಲ್ಎಲ್‌ಸಿ'. ಮುಂದಿನ ವಾರ 'ಹಳೇ ಸೈಲೋ ಎಲ್ಎಲ್‌ಸಿ'. ಅದರ ಬೆನ್ನಿಗೇ 'ಎಡಗೈ ಅಕಾರ್ಡಿಯನ್ ಎಲ್ಎಲ್‌ಸಿ'. ಫೆಬ್ರವರಿ ಮುಗಿಯುವ ಹೊತ್ತಿಗೆ ಆ ಪುಟದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲ ನೋಟೀಸುಗಳನ್ನೂ ತಂದುಕೊಟ್ಟವನು ಒಬ್ಬನೇ, ಊರಿಗಿರುವ ಒಬ್ಬನೇ ವಕೀಲ ಎವರೆಟ್ ಸ್ಲಾಡ್ಕಿ. ಒಂದನೇ ಕ್ಲಾಸಿನಿಂದ ನನ್ನ ಪಕ್ಕದ ಬೆಂಚಿನಲ್ಲಿ ಕೂತವನು.

"ಲೋ ಎವರೆಟ್, ಇದೇನೋ ಇದು? ಊರಲ್ಲಿ ಒಂದು ಮೊಳೆ ಬೇಕಂದ್ರೂ ನಲವತ್ತು ಮೈಲಿ ಹೋಗ್ಬೇಕು. ವಾರಕ್ಕೊಂದು ಕಂಪನಿ ಎಲ್ಲಿಂದ ಹುಟ್ತಾ ಇದೆ?"

"ದೇಶ ಮುಂದುವರೀತಾ ಇದೆ ಕಣೇ," ಎಂದ, ಟೋಪಿಯ ಮೇಲಿನ ಹಿಮ ಕೊಡವುತ್ತ.

"ಯಾರು ಮಾಲೀಕರು?"

"ನೋಟೀಸಲ್ಲಿ ಮಾಲೀಕರ ಹೆಸರು ಹಾಕ್ಬೇಕು ಅಂತ ಕಾನೂನಿಲ್ಲ."

"ಕಾನೂನು ಕೇಳ್ಲಿಲ್ಲ ನಾನು. ನಿನ್ನ ಕೇಳ್ದೆ."

"ಕಕ್ಷಿದಾರರ ಗುಟ್ಟು ಬಿಟ್ಟುಕೊಟ್ರೆ ನನ್ನ ಸನ್ನದು ಹೋಗತ್ತೆ. ಆಮೇಲೆ ನೀನು ಅದನ್ನೂ ಪೇಪರ್‌ನಲ್ಲಿ ಹಾಕ್ತೀಯ." ಹೊರಡುವಾಗ ಇನ್ನೊಂದು ಕಾಗದವನ್ನು ಮೇಜಿನ ಮೇಲಿಟ್ಟ. "ಇದು ನಿಂದು. ಹೊಸ ವರ್ಷಕ್ಕೆ ಕೊಟ್ಟಿದ್ದನ್ನ ಕಸದ ಬುಟ್ಟಿಗೆ ಹಾಕಿದ್ದೆಯಲ್ಲ, ಎರಡನೇ ಪ್ರತಿ. ಏಪ್ರಿಲ್ ಒಂದರೊಳಗೆ ಸಹಿ ಹಾಕು."

'ದೂತ'ವೂ ಒಂದು ಎಲ್ಎಲ್‌ಸಿಯೇ. ಸರ್ಕಾರದ ಕಾಗದ ಪಡೆಯುವ ಅದರ ಪ್ರತಿನಿಧಿ ಎವರೆಟ್. ಬೆಸ ಸಂಖ್ಯೆಯ ವರ್ಷ ಬಂದಾಗಲೆಲ್ಲ ಪ್ರತಿ ಕಂಪನಿಯೂ ಲಿಂಕನ್‌ಗೆ ಒಂದು ವರದಿ ಕಳಿಸಬೇಕು. ಅದರಲ್ಲಿ ದೊಡ್ಡದೇನೂ ಕೇಳುವುದಿಲ್ಲ. ವಿಳಾಸ ಅದೇನಾ, ಪ್ರತಿನಿಧಿ ಅವನೇನಾ, ಅಷ್ಟೇ. ಕಳಿಸದಿದ್ದರೆ ಬೇಸಿಗೆಯಲ್ಲಿ ಸರ್ಕಾರವೇ ಕಂಪನಿಯನ್ನು ಪಟ್ಟಿಯಿಂದ ಹೊಡೆದುಹಾಕುತ್ತದೆ. ನನಗೆ ಬೇಕಾಗಿದ್ದೂ ಅದೇ ದಾರಿ. ಯಾರಿಗೂ ಹೇಳಬೇಕಿಲ್ಲ, ಭಾಷಣವಿಲ್ಲ, ಬೀಳ್ಕೊಡುಗೆಯ ಕೇಕಿಲ್ಲ. ಕಾಗದವನ್ನು ಕಾಫಿ ಡಬ್ಬಿಯ ಕೆಳಗೆ ತಳ್ಳಿದೆ. ಎವರೆಟ್ ಡಬ್ಬಿಯನ್ನು ನೋಡಿದ, ನನ್ನನ್ನು ನೋಡಿದ, ಬಾಗಿಲು ಎಳೆದುಕೊಂಡು ಹೋದ.

ಆದರೆ ಮುಚ್ಚುವ ಮೊದಲು ಈ ಕಂಪನಿಗಳ ಬುಡ ಹುಡುಕಲೇಬೇಕು ಅನ್ನಿಸಿತು. ಕುತೂಹಲ ನನ್ನ ರೋಗ. ಅಪ್ಪನಿಂದ ಬಂದ ಆಸ್ತಿ ಅದೊಂದೇ.

ಊರಿನ ಜನ ತಮಗೆ ತೋಚಿದ್ದು ಹೇಳುತ್ತಿದ್ದರು. ಗಾಳಿಯಂತ್ರದಿಂದ ಕರೆಂಟು ಮಾಡುವ ದೊಡ್ಡ ಕುಳವೊಂದು ಬೇರೆ ಬೇರೆ ಹೆಸರಲ್ಲಿ ಜಮೀನು ಹೊಡೆಯಲು ಹೊಂಚು ಹಾಕಿದೆ ಎಂದು ರೈತರ ಸಹಕಾರ ಸಂಘದ ಅಂಗಡಿಯಲ್ಲಿ ಕೆಲವರು. ಅಲ್ಲ, ಸಾವಿರಾರು ಹಂದಿಗಳ ದೊಡ್ಡಿ ಬರುತ್ತದೆ, ಬೇಸಿಗೆಯಲ್ಲಿ ಕಿಟಕಿ ತೆಗೆಯುವ ಹಾಗಿಲ್ಲ ಎಂದು ಇನ್ನು ಕೆಲವರು. ನನಗೂ ಗಾಳಿಯಂತ್ರದ ಮೇಲೇ ಅನುಮಾನ. ಅದೇ ನಿಜವಾದರೆ 'ದೂತ'ದ ಕೊನೆಯ ಸುದ್ದಿ ಮುಖಪುಟಕ್ಕೆ ತಕ್ಕದ್ದಾಗುತ್ತದೆ ಎಂದು ಒಳಗೊಳಗೇ ಹಿಗ್ಗಿದೆ.

ಲಿಂಕನ್‌ನಿಂದ ದಾಖಲೆಗಳ ನಕಲು ತರಿಸಿದೆ. ಕಂಪನಿ ಸ್ಥಾಪಿಸಿದವರು ಎಂಬಲ್ಲಿ ಎಲ್ಲದರಲ್ಲೂ ಎವರೆಟ್‌ನ ಕೋಳಿಕಾಲಿನ ಸಹಿ. ಆ ದಾರಿ ಅಲ್ಲಿಗೆ ಮುಗಿಯಿತು. ಆಮೇಲೆ ನೋಟೀಸಿನಲ್ಲಿದ್ದ ವಿಳಾಸಗಳನ್ನು ಹಿಡಿದು ಹೊರಟೆ. ಹಳೇ ಸೈಲೋದ ವಿಳಾಸದಲ್ಲಿ ಹಳೇ ಸೈಲೋ, ಅಂದರೆ ಧಾನ್ಯ ತುಂಬಿಡುವ ಎತ್ತರದ ಗೋಪುರ, ಇತ್ತು, ಜೋಳವಿರಲಿಲ್ಲ, ಪಾರಿವಾಳಗಳಿದ್ದವು. ಅಕಾರ್ಡಿಯನ್ ಕಂಪನಿಯ ವಿಳಾಸ, ಯುರೋಪಿನ ಚೆಕ್ ನಾಡಿನಿಂದ ಬಂದ ನಮ್ಮ ಜನ ಅಕಾರ್ಡಿಯನ್ ವಾದ್ಯಕ್ಕೆ ಕುಣಿಯುವ ಹಾಲ್, ಅದಕ್ಕೆ ಬೀಗ. ಗಸಗಸೆ ಹೂರಣದ ವಿಳಾಸ ಮಾತ್ರ ಜೆನೀವಾ ಕಡ್ಲೆಟ್ಸ್‌ಳ ಬೇಕರಿಯದು. ನನ್ನ ಅಮ್ಮನ ಕಾಲದಿಂದಲೂ ಕೊಲಾಚೆ ಮಾಡುತ್ತಿರುವ ಬೇಕರಿ. ಮೆತ್ತನೆಯ ಬನ್ನು, ನಡುವಿನ ಗುಳಿಯಲ್ಲಿ ಹೂರಣ. ಅವಳ ಕೊಲಾಚೆ ಇಲ್ಲದೆ ನಮ್ಮಲ್ಲಿ ಮದುವೆಯೂ ಆಗುವುದಿಲ್ಲ, ಮಣ್ಣೂ ಆಗುವುದಿಲ್ಲ.

"ಇಷ್ಟು ವರ್ಷ ಇಲ್ಲದ ಕಂಪನಿ ಈಗ ಯಾಕೆ ಜೆನೀವಾ?"

"ಹೊಣೆ ಸೀಮಿತ ಆಗ್ಲಿ ಅಂತ," ಎಂದಳು, ಹಿಟ್ಟಿನಿಂದ ತಲೆ ಎತ್ತದೆ.

"ಯಾವ ಹೊಣೆ? ನಿನ್ನ ಕೊಲಾಚೆ ತಿಂದು ಯಾರಾದ್ರೂ ಸತ್ತಿದ್ದಾರಾ?"

"ಇನ್ನೂ ಇಲ್ಲ. ನೀನು ಹೀಗೇ ಪ್ರಶ್ನೆ ಕೇಳ್ತಾ ನಿಂತಿದ್ರೆ ಶುರುವಾಗತ್ತೆ. ತಗೋ, ಬಿಸಿ ಇದೆ, ತಿಂದು ಹೋಗು."

ದುಡ್ಡು ಬೇಡವೆಂದಳು. ಜೆನೀವಾ ಪುಕ್ಕಟೆ ಕೊಟ್ಟಾಗಲೆಲ್ಲ ಏನೋ ಮುಚ್ಚಿಟ್ಟಿರುತ್ತಾಳೆ, ಅದು ನನಗೆ ಗೊತ್ತು. ಆದರೆ ಬಾಯಿ ತುಂಬಾ ಗಸಗಸೆ ಇದ್ದಾಗ ತನಿಖೆ ನಡೆಯುವುದಿಲ್ಲ.

ಕೊನೆಗೆ ಒಂದು ಉಪಾಯ ಹೊಳೆಯಿತು. ಒಳ್ಳೆಯ ಉಪಾಯವೇನಲ್ಲ, ಒಪ್ಪಿಕೊಳ್ಳುತ್ತೇನೆ. 'ಉತ್ತರದ ಬೇಲಿ ಎಲ್ಎಲ್‌ಸಿ' ಎಂಬ ಕಂಪನಿಯ ನೋಟೀಸು ಎರಡು ವಾರ ಬಂದಿತ್ತು. ಅದರ ವಿಳಾಸ ಎವರೆಟ್‌ನ ಕಚೇರಿಯದೇ, ಹಾಗಾಗಿ ಮಾಲೀಕ ಯಾರೆಂದು ಊಹಿಸಲೂ ಆಗುತ್ತಿರಲಿಲ್ಲ. ಮೂರನೇ ವಾರ ಅದನ್ನು ಬೇಕೆಂದೇ ಬಿಟ್ಟೆ. ನಡುವೆ ತಪ್ಪಿದರೆ ಲೆಕ್ಕಕ್ಕಿಲ್ಲ, ಮೊದಲಿನಿಂದ ಮತ್ತೆ ಮೂರು ವಾರ ಬರಬೇಕು. ನಿಜವಾದ ವ್ಯಾಪಾರಿಯಾದರೆ ಬೆಂಕಿಯಾಗಿ ಓಡಿ ಬರುತ್ತಾನೆ. ಗಾಳಿಯಂತ್ರದವರಾದರೆ ಸೂಟು ಹಾಕಿಕೊಂಡು ಬರುತ್ತಾರೆ. ಅಪ್ಪನ ಕಾಲದಿಂದ ಆ ಪತ್ರಿಕೆಯಲ್ಲಿ ಒಂದು ನೋಟೀಸೂ ತಪ್ಪಿರಲಿಲ್ಲ. ಗುರುವಾರ ಪತ್ರಿಕೆ ಹಂಚಿ, ಕಾಫಿ ಕಾಸಿಕೊಂಡು, ಬಾಗಿಲಿನತ್ತ ಮುಖ ಮಾಡಿ ಕೂತೆ.

ಬಾಗಿಲು ತೆರೆದು ಬಂದವನು ಲುಮಿರ್ ವಾಪೆನಿಕ್.

ಅವನ ಬಗ್ಗೆ ಹೇಳಲೇಬೇಕು. ಎಂಬತ್ತರ ಹತ್ತಿರದ ರೈತ, ಜಿಪುಣರಲ್ಲಿ ಜಿಪುಣ. ಕಿತ್ತ ಬೇಲಿಯ ತಂತಿಯನ್ನು ನೆಟ್ಟಗೆ ಮಾಡಿ ಮತ್ತೆ ಬಳಸುವವನು. ಹನ್ನೆರಡು ವರ್ಷದ ಹಿಂದೆ ಚರ್ಚಿನ ಬಾತುಕೋಳಿ ಊಟದ ದಿನ ಬಿಯರು ಹೆಚ್ಚಾಗಿ, ತನ್ನ ಕೊಯ್ಲು ಯಂತ್ರವನ್ನು ಮುಖ್ಯ ಬೀದಿಯಲ್ಲಿ ಓಡಿಸಿಕೊಂಡು ಹೋಗಿ ಬೆಂಕಿ ಆರಿಸುವ ನೀರಿನ ಕೊಳಾಯಿಗೆ ಗುದ್ದಿದ್ದ. ಅರ್ಧ ಬೀದಿ ಕೆರೆಯಾಗಿತ್ತು. ಕೋರ್ಟಿನ ಸುದ್ದಿಯಲ್ಲಿ ಹೆಸರು, ವಯಸ್ಸು, ದಂಡ ಎಲ್ಲ ಹಾಕಿದೆ. ನಾನು ಯಾರನ್ನೂ ಬಿಡುವುದಿಲ್ಲ. ನನ್ನ ತಮ್ಮನನ್ನೂ ಒಮ್ಮೆ ಹಾಕಿದ್ದೇನೆ. ಲುಮಿರ್ ಮಾರನೇ ದಿನವೇ ಚಂದಾ ನಿಲ್ಲಿಸಿದ. ಅಂದಿನಿಂದ ಪ್ರತಿ ಗುರುವಾರ ಸಹಕಾರ ಸಂಘದ ಕಟ್ಟೆಯ ಬಳಿ ನಿಂತು ಪುಕ್ಕಟೆ ಓದಿ, ನೀಟಾಗಿ ಮಡಚಿಟ್ಟು ಹೋಗುತ್ತಿದ್ದ. ನನ್ನ ಕಚೇರಿಯ ಹೊಸ್ತಿಲು ಒಮ್ಮೆ ಮಾತ್ರ ತುಳಿದಿದ್ದ, ಹೆಂಡತಿ ವ್ಲಾಸ್ತಾ ತೀರಿಕೊಂಡಾಗ, ನಿಧನವಾರ್ತೆ ಬರೆಸಲು.

"ಬೇಲಿ ಎಲ್ಲಿ?" ಎಂದ.

"ಯಾವ ಬೇಲಿ?"

"ನಾಟಕ ಆಡ್ಬೇಡ. ಉತ್ತರದ ಬೇಲಿ. ಈ ವಾರ ಬಂದಿಲ್ಲ."

"ಅಯ್ಯೋ, ಬಿಟ್ಟೋಯ್ತಾ?" ಎಂದೆ. ಇನ್ನು ಬೈಗುಳದ ಮಳೆ ಸುರಿಯುತ್ತದೆ ಎಂದು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

ಬೈಗುಳ ಬರಲಿಲ್ಲ. ಲುಮಿರ್ ಜೇಬಿನಿಂದ ಚೆಕ್ಕು ಪುಸ್ತಕ ತೆಗೆದ. "ಹೋಗ್ಲಿ ಬಿಡು. ತಪ್ಪು ಎಲ್ಲರದೂ ಆಗತ್ತೆ. ಮೊದಲಿಂದ ಮೂರು ವಾರ ಹಾಕು. ಎಷ್ಟಾಗತ್ತೆ ಹೇಳು, ಕೊಟ್ಬಿಡ್ತೀನಿ."

ಹೆಂಡತಿಯ ಹುಟ್ಟುಹಬ್ಬಕ್ಕೆ ಸೋಡಾ ಬಾಟಲಿ ವಾಪಸು ಕೊಟ್ಟ ದುಡ್ಡಿನಲ್ಲಿ ಹೂ ತಂದವನು ಇವನು. ತಪ್ಪು ನನ್ನದು, ದುಡ್ಡು ಇವನು ಕೊಡುತ್ತಾನಂತೆ! ನಷ್ಟವಾದವನು ಜಗಳಕ್ಕೆ ಬರುತ್ತಾನೆ, ನಷ್ಟವನ್ನು ಎರಡನೇ ಸಲ ಕೊಳ್ಳಲು ಬರುವುದಿಲ್ಲ. ಈ ಮನುಷ್ಯನಿಗೆ ಕಂಪನಿ ಬೇಕಾಗಿಲ್ಲ, ನೋಟೀಸು ಬೇಕಾಗಿದೆ ಎಂದು ಆಗ ಹೊಳೆಯಿತು.

"ಲುಮಿರ್, ನಿಮ್ಮ ಬೇಲಿ ಕಂಪನಿ ಏನು ವ್ಯಾಪಾರ ಮಾಡತ್ತೆ?"

"ಬೇಲೀನೇ. ಉತ್ತರದ ಕಡೆ."

"ನಿಮ್ಮ ಹೊಲದ ಉತ್ತರಕ್ಕೆ ನದಿ ಇದೆ. ನೀರಿಗೆ ಬೇಲಿ ಹಾಕ್ತೀರಾ?"

ಅವನು ಚೆಕ್ಕು ಪುಸ್ತಕವನ್ನು ಒಮ್ಮೆ ತೆರೆದು ಒಮ್ಮೆ ಮುಚ್ಚಿದ. ಕಿವಿ ಕೆಂಪಾಯಿತು. ನಾನು ಕಾಫಿ ಸುರಿದು ಅವನ ಮುಂದಿಟ್ಟೆ, ಕುರ್ಚಿ ಎಳೆದುಕೊಟ್ಟೆ. ಕೂರಲೋ ಬೇಡವೋ ಎಂದು ನೋಡಿ ಕೂತ.

"ಎವರೆಟ್ ಬಾಯಿಬಿಟ್ನಾ?" ಎಂದ.

"ಇಲ್ಲ. ನೀವೇ ಬಿಟ್ರಿ, ಈಗ್ತಾನೆ. ಈ ಕಂಪನಿಗಳೆಲ್ಲ ನಿಮ್ಮದೇ ಕೆಲಸನಾ?"

"ಎಲ್ಲಾ ಅಲ್ಲ. ಮಂಗಳವಾರ ನಾವು ಇಸ್ಪೀಟು ಆಡ್ತೀವಲ್ಲ, ಆ ಮೇಜಿನವರದು. ಆಮೇಲೆ ಜೆನೀವಾ. ಆಮೇಲೆ ಪಾದ್ರಿಗಳೂ ಒಂದು ತೆಗೀತೀನಿ ಅಂದಿದ್ದಾರೆ." ಕಾಫಿ ಗುಟುಕರಿಸಿದ. "ಎವರೆಟ್ ಏನೂ ಹೇಳ್ಲಿಲ್ಲ, ಪಾಪ. ಆದ್ರೆ ಒಂದಿನ ಎಲೆ ಹಂಚ್ತಾ, ಕೆಲವರು ಈ ವರ್ಷ ಕಾಗದಕ್ಕೆ ಸಹಿ ಹಾಕೋ ಲಕ್ಷಣ ಕಾಣ್ತಿಲ್ಲ ಅಂದ. ಈ ಊರಲ್ಲಿ ಕಾಗದ ಕಳಿಸೋ ಕಂಪನಿ ಇರೋದೇ ಎರಡು ಮೂರು. ಯಾರು ಅಂತ ಗೊತ್ತಾಗಕ್ಕೆ ನಾವೇನು ಕುರುಡರಾ?"

"ಅದಕ್ಕೆ ಕಂಪನಿ ತೆಗೆದ್ರಾ?"

"ಜಾಹೀರಾತು ಕೊಡೋಕೆ ನಮಗೇನು ಅಂಗಡಿ ಇದೆಯಾ? ಸುಮ್ನೆ ದುಡ್ಡು ಕೊಟ್ರೆ ನೀನು ತಗೋತೀಯಾ? ನಿಮ್ಮಪ್ಪನ ಮಗಳು, ಮುಖದ ಮೇಲೆ ಎಸೀತೀಯ. ಕಾನೂನು ಹಾಕು ಅನ್ನೋ ನೋಟೀಸನ್ನ ಬೇಡ ಅನ್ನಕ್ಕಾಗಲ್ವಲ್ಲ ನಿನ್ನ ಕೈಲಿ."

ನನಗೆ ಕೋಪ ಬಂತು. ಮುಖ ಉರಿಯಿತು. ಇಡೀ ಊರು ನನ್ನ ಬೆನ್ನ ಹಿಂದೆ ನನಗೆ ಭಿಕ್ಷೆ ಹಾಕುತ್ತಿದೆ, ನಾನು ಗಾಳಿಯಂತ್ರ ಹುಡುಕುತ್ತ ಪಾರಿವಾಳ ಎಣಿಸುತ್ತಿದ್ದೇನೆ. ಅದಕ್ಕಿಂತ ಹೆಚ್ಚಾಗಿ ಈ ಜನರ ದಡ್ಡತನಕ್ಕೆ ತಲೆ ಚಚ್ಚಿಕೊಳ್ಳುವಂತಾಯಿತು.

"ಒಂದು ಕಂಪನಿ ತೆಗೆಯೋಕೆ ಲಿಂಕನ್‌ಗೆ ಎಷ್ಟು ಕಟ್ಟಿದ್ರಿ ಅಂತ ಗೊತ್ತಾ? ನನಗೆ ಬಂದದ್ದಕ್ಕಿಂತ ಸರ್ಕಾರಕ್ಕೆ ಹೋದದ್ದೇ ಜಾಸ್ತಿ! ಬುದ್ಧಿ ಬೇಡ್ವಾ? ಅದರ ಬದಲು ಒಂದು ಚಂದಾ ಕಟ್ಟಿದ್ರೆ ಆಗ್ತಿರ್ಲಿಲ್ವಾ?"

"ಚಂದಾನಾ?" ಅವನಿಗೆ ನಿಜವಾಗಿಯೂ ಅವಮಾನವಾಯಿತು. "ನಿನ್ನ ಪೇಪರ್ ಮನೆಗೆ ತರಿಸಲ್ಲ ಅಂತ ಊರ ಮುಂದೆ ಹೇಳಿದೀನಿ. ಹೇಳಿದ ಮಾತು ಮುರಿಯೋನಾ ನಾನು?"

ನೋಡಿ, ನಮ್ಮವರು ಹೀಗೆ. ಆಡಿದ ಮಾತು ಹಿಂತೆಗೆದುಕೊಳ್ಳುವುದಕ್ಕಿಂತ ಕಂಪನಿ ಸ್ಥಾಪಿಸುವುದೇ ಅವರಿಗೆ ಸುಲಭ.

"ಸರಿ. ಇನ್ನು ಈ ಕಂಪನಿಗಳನ್ನೆಲ್ಲ ಏನ್ಮಾಡ್ತೀರಾ? ಎರಡು ವರ್ಷಕ್ಕೊಮ್ಮೆ ವರದಿ ಕಳಿಸ್ಬೇಕು, ವರ್ಷ ವರ್ಷ ತೆರಿಗೆಯವರಿಗೆ ಉತ್ತರ ಕೊಡ್ಬೇಕು. ಸಾಕೋಕಾಗತ್ತಾ?"

"ಮುಚ್ತೀವಿ," ಎಂದ. ಮುಖದಲ್ಲಿ ತುಂಟ ಹುಡುಗನ ಕಳೆ ಬಂತು. "ಮುಚ್ಚೋಕೂ ಮೂರು ವಾರ ನೋಟೀಸು ಹಾಕ್ಬೇಕಂತೆ. ಎವರೆಟ್ ಹೇಳಿದ."

ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಅವನ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದೆ. ಕೇಳಬೇಕೆಂದುಕೊಂಡದ್ದನ್ನು ಕೇಳಿಯೇಬಿಟ್ಟೆ.

"ಜೆನೀವಾ ಮಾಡಿದ್ದು ಅರ್ಥವಾಗತ್ತೆ. ನೀವು ಯಾಕೆ? ನಿಮ್ಮ ಮಾನ ಕಳೆದವಳು ನಾನು. ಈ ಪೇಪರ್ ಮುಚ್ಚಿದ ದಿನ ನೀವು ಊರಿಗೆಲ್ಲ ಬಿಯರ್ ಹಂಚ್ತೀರ ಅಂದ್ಕೊಂಡಿದ್ದೆ."

ಅವನು ಬೂಟಿನ ಮಣ್ಣನ್ನು ನೆಲಕ್ಕೆ ಉಜ್ಜಿದ.

"ವ್ಲಾಸ್ತಾ ಹೋದಾಗ ನೀನು ಬರೆದ್ಯಲ್ಲ," ಎಂದ. "ಅವಳ ತೋಟದ ಬಗ್ಗೆ, ಶಾಲೆ ಮಕ್ಕಳಿಗೆ ಚಳಿಗಾಲ ಪೂರ್ತಿ ಸೂಪು ಮಾಡಿ ಕಳಿಸಿದ್ದರ ಬಗ್ಗೆ. ಊರಲ್ಲಿ ಎಲ್ಲರೂ ಓದಿದ್ರು. ಯಾರೂ, ಸತ್ತೋಳು ಅಂತ ಹೊಗಳಿದಾಳೆ ಬಿಡು ಅನ್ನಲಿಲ್ಲ. ಯಾಕೆ ಹೇಳು? ನೀನು ಯಾರನ್ನೂ ಬಿಡಲ್ಲ ಅಂತ ಗೊತ್ತಿತ್ತು. ನನ್ನನ್ನೇ ಬಿಟ್ಟಿರ್ಲಿಲ್ಲವಲ್ಲ. ಅವಳ ಗಂಡನ ಕೊಯ್ಲು ಯಂತ್ರ ಹಾಕಿದ ಪೇಪರು ಅವಳನ್ನ ಒಳ್ಳೇಳು ಅಂದ್ರೆ ಅದು ಒಳ್ಳೇಳು ಅಂತಾನೇ." ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡ. "ಆ ಪುಟ ಅಡುಗೆಮನೇಲಿ ಅಂಟಿಸಿದೀನಿ. ಸಹಕಾರ ಸಂಘದ ಕಟ್ಟೆಯಿಂದ ಕದ್ದದ್ದು."

ನಾನು ಎದ್ದು ಕಿಟಕಿಯ ಬಳಿ ಹೋಗಿ ನಿಂತೆ. ಇಷ್ಟು ವರ್ಷ ಕೋರ್ಟಿನ ಸುದ್ದಿ ಹಾಕುವಾಗಲೆಲ್ಲ ನನಗೆ ಬೈದವರೇ ಹೆಚ್ಚು. ಅದರಿಂದ ಇನ್ನೊಬ್ಬರಿಗೆ ಹೀಗೊಂದು ಬೆಲೆ ಬರುತ್ತದೆ ಎಂದು ಅಪ್ಪನೂ ನನಗೆ ಹೇಳಿರಲಿಲ್ಲ. ಅಳು ಬಂತು. ನೆಗಡಿ ಎಂದು ಮೂಗು ಒರೆಸಿಕೊಂಡೆ. ಲುಮಿರ್ ಸಭ್ಯತೆಯಿಂದ ಕಾಫಿ ಲೋಟದೊಳಗೆ ನೋಡುತ್ತಿದ್ದ.

ವಾಪಸು ಬಂದು ಅವನ ಚೆಕ್ಕು ಪುಸ್ತಕವನ್ನು ಅವನ ಜೇಬಿಗೇ ತುರುಕಿದೆ. "ಬೇಲಿ ನೋಟೀಸು ಬಿಟ್ಟದ್ದು ನಾನು, ಬೇಕಂತಲೇ ಬಿಟ್ಟದ್ದು. ಮೊದಲಿಂದ ಮೂರು ವಾರ ಪುಕ್ಕಟೆ ಹಾಕ್ತೀನಿ. ನಾನು ಹೀಗೆ ಮಾಡಿದೆ ಅಂತ ಮುಂದಿನ ವಾರ ಮುಖಪುಟದಲ್ಲೇ ಬರೀತೀನಿ. ಜೊತೆಗೆ ನೀವು ಮಾಡಿದ್ದನ್ನೂ ಬರೀತೀನಿ, ಹೆಸರು ವಯಸ್ಸಿನ ಸಮೇತ. ಪಾದ್ರಿಗಳನ್ನೂ ಬಿಡಲ್ಲ. ಇವತ್ತಿಂದ ಹೊಸ ಕಂಪನಿ ಬೇಡ. ಇಸ್ಪೀಟು ಮೇಜಿನವರೆಲ್ಲ ಚಂದಾ ಕಟ್ಟಲಿ. ನೀವು ಕಟ್ಟಬೇಡಿ, ನಿಮ್ಮ ಮಾತು ನಿಮಗಿರಲಿ. ಗುರುವಾರ ಇಲ್ಲಿಗೇ ಬಂದು ಓದಿ. ಸಹಕಾರ ಸಂಘದವರ ಕಾಫಿಗಿಂತ ನನ್ನದು ಚೆನ್ನಾಗಿದೆ."

"ಇದಾ?" ಎಂದು ಲೋಟ ಎತ್ತಿ ನೋಡಿದ. ಆದರೆ ಬೇಡ ಎನ್ನಲಿಲ್ಲ.

ಇದರಿಂದ 'ದೂತ' ಎಷ್ಟು ಕಾಲ ನಡೆಯುತ್ತದೋ ನನಗೆ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಕಾಫಿ ಡಬ್ಬಿ ಎತ್ತಿ, ಕೆಳಗಿನ ಕಾಗದ ಎಳೆದುಕೊಂಡೆ. ಅದರ ಮೇಲೆ ದುಂಡನೆಯ ಕಂದು ಕಲೆ ಬಿದ್ದಿತ್ತು. ವಿಳಾಸ ಅದೇನಾ ಎಂದು ಕೇಳಿತ್ತು, ಅದೇ. ಪ್ರತಿನಿಧಿ ಅವನೇನಾ ಎಂದು ಕೇಳಿತ್ತು, ಅವನೇ, ಬಾಯಿ ಸ್ವಲ್ಪ ಸಡಿಲವಾದರೂ. ಕೆಳಗೆ ಸಹಿ ಹಾಕಿದೆ.

"ಅದೇನದು?" ಲುಮಿರ್ ಕತ್ತು ಉದ್ದ ಮಾಡಿದ.

"ನಾವಿನ್ನೂ ಇದೀವಿ ಅಂತ ಲಿಂಕನ್‌ಗೆ ಹೇಳೋ ಕಾಗದ."

"ಎಷ್ಟು ದಿನಕ್ಕೆ?"

"ಎರಡು ವರ್ಷ."

ಅವನು ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದ. "ಎರಡು ವರ್ಷ ಸಾಲಲ್ಲ. ಡಾಕ್ಟರು ನಾನು ಗಟ್ಟಿ ಇದೀನಿ ಅಂದಿದ್ದಾರೆ. ಅದಾದ್ಮೇಲೂ ಒಂದ್ಸಲ ಸಹಿ ಹಾಕ್ಬೇಕಾಗತ್ತೆ ನೀನು." ಟೋಪಿ ಹಾಕಿಕೊಂಡು ಬಾಗಿಲ ತನಕ ಹೋದವನು ತಿರುಗಿ ನಿಂತ. "ನಾನು ಸತ್ತಾಗ ನನ್ನದು ಬರೀತೀಯಲ್ಲ, ಅದರಲ್ಲಿ ಕೊಯ್ಲು ಯಂತ್ರದ ವಿಷಯ ಹಾಕ್ತೀಯಾ?"

"ಹಾಕ್ತೀನಿ. ದಂಡದ ಸಮೇತ."

"ಹಾಕು," ಎಂದ ಲುಮಿರ್. "ವ್ಲಾಸ್ತಾನ ಗಂಡ ಅಂತಾನೂ ಹಾಕು. ಆಗ ಅದನ್ನೂ ನಂಬ್ತಾರೆ."